ಹಾಡಿನವನಿಗೆ ಮನೆ ಸಾಲ ಇರುವುದಿಲ್ಲ

ಪ್ರಶ್ನೆ: ನನಗೆ 34 ವರ್ಷ. ಮದುವೆಯಾಗಿ ಎಂಟು ವರ್ಷವಾಯಿತು. ಗಂಡ ಒಳ್ಳೆಯವನೇ. ಬೈಯುವುದಿಲ್ಲ, ಕೈ ಎತ್ತುವುದಿಲ್ಲ, ಕೆಟ್ಟ ಚಟ ಇಲ್ಲ. ಮನೆ ಸಾಲ ಇದೆ ಅಂತ ಆಫೀಸು ಮುಗಿದ ಮೇಲೂ ಇನ್ನೊಂದು ಕೆಲಸ ಹಿಡಿದಿದ್ದಾನೆ. ನಾನೂ ದುಡಿಯುತ್ತೇನೆ, ಆದರೆ ಸಂಜೆ ಆರಕ್ಕೆ ಮನೆಯಲ್ಲಿರುತ್ತೇನೆ. ಅವನು ಬರುವಾಗ ಹತ್ತು ಗಂಟೆ. ಬರುವಾಗ ಕೈಯಲ್ಲಿ ಆಗಾಗ ಏನಾದರೂ ಇರುತ್ತದೆ. ಫೋನು, ಬ್ಯಾಗು, ಕಿವಿಯೋಲೆ. ಅವನು ಮಲಗಿದ ಮೇಲೆ ನಾನು ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತೇನೆ. ಬಂಗಾರ ಬೇಡ, ಬಂಗಲೆ ಬೇಡ, ನಿನ್ನ ಪ್ರೀತಿಯೊಂದೇ ಸಾಕು ಅನ್ನುವ ಥರದ ಹಾಡುಗಳು. ಒಂದೇ ಹಾಡನ್ನು ನಾಲ್ಕೈದು ಸಲ ಹಾಕುತ್ತೇನೆ. ಅಳು ಬರುತ್ತದೆ. ಒಂದು ದಿನ ಅವನಿಗೆ ಎಚ್ಚರವಾಗಿ, ಏನು ಕೇಳ್ತಿದ್ದೀಯ ಅಂತ ಒಂದು ಇಯರ್‌ಫೋನ್ ತೆಗೆದು ತನ್ನ ಕಿವಿಗೆ ಇಟ್ಟುಕೊಂಡ. ಸ್ವಲ್ಪ ಕೇಳಿ, "ಹಾಡಿನವನಿಗೆ ಮನೆ ಸಾಲ ಇರಲ್ಲ" ಅಂದು ಮಗ್ಗುಲಾದ.

ಹೋದ ತಿಂಗಳು ನಮ್ಮ ಮದುವೆಯ ದಿನ ಕೈಗಡಿಯಾರ ತಂದ. ನಾನು ಸಮಯ ಕೇಳಿದರೆ ಇವನು ಗಡಿಯಾರ ತಂದಿದ್ದಾನಲ್ಲ ಅನ್ನಿಸಿ, "ನಂಗೆ ಇದ್ಯಾವುದೂ ಬೇಡ, ನೀನು ಬೇಕು" ಅಂದುಬಿಟ್ಟೆ. ಆಮೇಲೆ ಎರಡು ವಾರ ಸರಿಯಾಗಿ ಮಾತಿಲ್ಲ. ಆ ಡಬ್ಬಿ ಇನ್ನೂ ಬೀರುವಿನಲ್ಲಿದೆ, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ನನ್ನ ಅಕ್ಕ, "ನಿಂಗೆ ಕೊಬ್ಬು, ಆ ಹಾಡುಗಳೇ ನಿನ್ನ ತಲೆ ಕೆಡಿಸಿವೆ" ಅನ್ನುತ್ತಾಳೆ. ಹಾಡು ಕೇಳುವುದನ್ನು ಬಿಡಬೇಕಾ? ನನ್ನದು ಕೃತಘ್ನತೆಯಾ? ನಿಜವಾಗಿಯೂ ಪ್ರೀತಿಯೊಂದೇ ಸಾಕಾಗುತ್ತದಾ, ಅಥವಾ ಅದು ಬರೀ ಹಾಡಿನ ಮಾತಾ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಕೇಳದೆ ಬಿಟ್ಟ ನಾಲ್ಕನೆಯದು ಒಂದಿದೆ. ಅವನಿಗೆ ನಾನು ಬೇಕಾ? ಪತ್ರದ ತುಂಬ ಅದೇ ಇದೆ. ಮೊದಲ ಮೂರಕ್ಕೆ ನಾನು ಉತ್ತರ ಹೇಳಬಲ್ಲೆ. ನಾಲ್ಕನೆಯದನ್ನು ಅವರ ಬಾಯಿಂದಲೇ ಕೇಳಬೇಕು. ಅದನ್ನು ಹೇಗೆ ಕೇಳಬಹುದು ಅನ್ನುವುದನ್ನು ಕೊನೆಗೆ ಬರೆಯುತ್ತೇನೆ.

ಇಪ್ಪತ್ತು ವರ್ಷಗಳಿಂದ ಗಂಡ ಹೆಂಡಿರ ಎದುರು ಕೂತು ಅವರ ಮಾತು ಕೇಳುವುದೇ ನನ್ನ ಕೆಲಸ. ಅಲ್ಲಿ ಹಾಡಿನ ಮಾತು ತುಂಬಾ ಸಲ ಬರುತ್ತದೆ. ಜಗಳವಾದ ರಾತ್ರಿ ಹಾಡಿನ ಲಿಂಕ್ ಕಳಿಸಿದವರು, ಮಾತು ಬಿಟ್ಟು ಸ್ಟೇಟಸ್‌ನಲ್ಲಿ ಹಾಡು ಹಾಕಿದವರು, ಗಂಡ ಕಾರಿನಲ್ಲಿ ಹಾಡು ಬದಲಾಯಿಸಿದ ಅಂತ ಒಂದು ವಾರ ಕೋಪ ಮಾಡಿಕೊಂಡವರು. ಹಾಗಾಗಿ ನಿಮ್ಮ ಪತ್ರ ಓದಿ ನಗು ಬರಲಿಲ್ಲ. ಹಾಡನ್ನು ಪಕ್ಕಕ್ಕಿಟ್ಟು ಮಾತಾಡುವುದಕ್ಕಿಂತ ಹಾಡಿನಿಂದಲೇ ಶುರು ಮಾಡೋಣ.

ಈ ಥರದ ಹಾಡನ್ನು ಒಮ್ಮೆ ಗಮನವಿಟ್ಟು ಕೇಳಿ ನೋಡಿ. ವಸ್ತು ಬೇಡ ಅನ್ನುವ ಹಾಡಿನಲ್ಲಿ ವಸ್ತುಗಳೇ ತುಂಬಿರುತ್ತವೆ. ಬಂಗಾರ, ವಜ್ರ, ಅರಮನೆ, ಕಾರು, ಒಂದಾದ ಮೇಲೊಂದು ಬರುತ್ತವೆ. ಪ್ರತಿಯೊಂದಕ್ಕೂ "ಬೇಡ" ಅಂತ ಹೇಳಬೇಕಾದರೆ ಮೊದಲು ಅದರ ಹೆಸರು ಹೇಳಲೇಬೇಕಲ್ಲ. ಅದಕ್ಕೆ ಕಾರಣವೂ ಇದೆ. ಪ್ರೀತಿಯನ್ನು ತೋರಿಸಲು ಆಗುವುದಿಲ್ಲ, ಅದಕ್ಕೆ ಬಣ್ಣವಿಲ್ಲ, ತೂಕವಿಲ್ಲ. ಬಂಗಾರಕ್ಕೆ ಇದೆ. ಹಾಡು ಬರೆಯುವವನು ತಕ್ಕಡಿಯ ಒಂದು ತಟ್ಟೆಗೆ ಬಂಗಾರ ಹಾಕಿ, ಇನ್ನೊಂದು ತಟ್ಟೆಯೇ ಕೆಳಗೆ ಹೋಯಿತು ನೋಡಿ ಅನ್ನುತ್ತಾನೆ. ಕೇಳುವವರಿಗೆ ಪ್ರೀತಿಯ ತೂಕ ಗೊತ್ತಾಗುತ್ತದೆ. ಇದು ಕಸುಬಿನ ಜಾಣತನ, ತಪ್ಪೇನಲ್ಲ. ಆದರೆ ಆ ತಕ್ಕಡಿಯನ್ನು ಮನೆಗೆ ತಂದರೆ ಕಷ್ಟ. ಹಾಡಿನಲ್ಲಿ ವಸ್ತು ಒಂದು ತಟ್ಟೆಯಲ್ಲಿ, ಪ್ರೀತಿ ಇನ್ನೊಂದರಲ್ಲಿ ಇರುತ್ತದೆ. ನಿಮ್ಮ ಮನೆಯಲ್ಲಿ ಅವೆರಡೂ ಒಂದೇ ಡಬ್ಬಿಯೊಳಗೆ ಕೂತಿರಬಹುದು, ಬೀರುವಿನಲ್ಲಿ.

ಇನ್ನೊಂದು ವಿಷಯ. ಈ ಹಾಡುಗಳಲ್ಲಿ ಹಾಡುವವರು ಯಾವಾಗಲೂ ಒಬ್ಬರೇ. ಪ್ರೀತಿಸುವ ಜೀವ ಎದುರಿಗೆ ಇರುವುದಿಲ್ಲ. ಬಿಟ್ಟು ಹೋಗಿರುತ್ತದೆ, ಇಲ್ಲವೇ ಇನ್ನೂ ಸಿಕ್ಕಿರುವುದಿಲ್ಲ, ಸಿಕ್ಕರೂ ತಿರುಗಿ ನೋಡಿರುವುದಿಲ್ಲ. ಹಂಬಲ ಅಂದರೆ ಅದೇ ತಾನೇ? ದೂರದಲ್ಲಿ ಇರುವುದಕ್ಕೆ ಹಂಬಲಿಸುತ್ತೇವೆ. ನಾಲ್ಕು ನಿಮಿಷಕ್ಕೆ ಹಾಡು ಮುಗಿಯುತ್ತದೆ. ಆ ಇಬ್ಬರೂ ಒಂದಾಗಿ, ಮರುದಿನ ಬೆಳಿಗ್ಗೆ ಎದ್ದು, ಕಂತು ಕಟ್ಟುವ ದಿನ ಯಾವುದು ಅಂತ ಕೇಳುವಷ್ಟು ಹೊತ್ತು ಅದು ಉಳಿಯುವುದಿಲ್ಲ. ನಿಮ್ಮ ಗಂಡ ಮಗ್ಗುಲಾಗುತ್ತಾ ಹೇಳಿದ ಮಾತು ಒರಟಾಗಿತ್ತು. ಆದರೆ ವಿಮರ್ಶೆಯ ಮಟ್ಟಿಗೆ ಸರಿಯಾಗಿಯೇ ಇತ್ತು. ದೂರದವರಿಗೆ ಬರೆದ ಮಾತನ್ನು ಪಕ್ಕದಲ್ಲಿ ಮಲಗಿದವರಿಗೆ ಕೇಳಿಸಿದರೆ ಅದು ದೂರಿನ ಹಾಗೆ ಕೇಳುತ್ತದೆ. ನೀನಿದ್ದರೆ ಸಾಕು ಅನ್ನುವುದು ಅವರ ಕಿವಿಗೆ ನೀನು ಇಲ್ಲ ಅಂತ ಬಿದ್ದಿರುತ್ತದೆ.

ಈಗ ಹಾಡುಗಳೇ ಬೇರೆ ಕಥೆ ಹೇಳುವುದನ್ನೂ ನೋಡೋಣ. ಇಂಗ್ಲೆಂಡಿನ ಬೀಟಲ್ಸ್ ಎಂಬ ಹಾಡುಗಾರರ ತಂಡ 1963ರಲ್ಲಿ "ಮನಿ" ಎಂಬ ಹಾಡನ್ನು ತನ್ನ ಆಲ್ಬಮ್‌ಗಾಗಿ ಹಾಡಿತು. ಅದು ಅಮೆರಿಕದ ಗಾಯಕ ಬ್ಯಾರೆಟ್ ಸ್ಟ್ರಾಂಗ್ 1959ರಲ್ಲಿ ಮೊದಲು ಹಾಡಿದ್ದು, ನನಗೆ ಬೇಕಾಗಿರುವುದು ದುಡ್ಡೇ ಅಂತ ಬಾಯಿಬಿಟ್ಟು ಹೇಳುವ ಹಾಡು. ಕೆಲವೇ ತಿಂಗಳ ನಂತರ, 1964ರ ಮಾರ್ಚ್‌ನಲ್ಲಿ, ಅದೇ ತಂಡದ "ಕಾಂಟ್ ಬೈ ಮಿ ಲವ್" ಬಂತು. ದುಡ್ಡಿನಿಂದ ಪ್ರೀತಿ ಸಿಗುವುದಿಲ್ಲ ಅನ್ನುವ ಹಾಡು. ಎರಡನ್ನೂ ಕೇಳಿ ಕುಣಿದವರು ಅದೇ ಜನ. ಯಾರೂ ಅವರನ್ನು ಸುಳ್ಳುಗಾರರು ಅನ್ನಲಿಲ್ಲ. ಯಾಕೆಂದರೆ ಮನುಷ್ಯರಿಗೆ ಎರಡೂ ಬೇಕು, ಒಂದೇ ವಾರದಲ್ಲಿ, ಕೆಲವೊಮ್ಮೆ ಒಂದೇ ಸಂಜೆ.

ಅದಕ್ಕಿಂತ ಮುಖ್ಯವಾದದ್ದು ಆ ಎರಡನೇ ಹಾಡಿನ ಒಳಗಿದೆ. ಅಲ್ಲಿ ಹಾಡುವವನು ವಸ್ತು ಬೇಡ ಅನ್ನುತ್ತಿಲ್ಲ. ಅವನು ಕೊಡುವವನು. ನಿನಗೆ ಖುಷಿಯಾಗುವುದಾದರೆ ವಜ್ರದ ಉಂಗುರವನ್ನೂ ಕೊಡಿಸುತ್ತೇನೆ ಅನ್ನುತ್ತಾನೆ. ಆಮೇಲೆ, ಅದೆಲ್ಲ ನನಗೆ ಬೇಕಿಲ್ಲ ಅಂತ ನೀನೊಂದು ಮಾತು ಹೇಳಿದರೆ ನನಗೆ ಅಷ್ಟೇ ಸಾಕು ಅನ್ನುತ್ತಾನೆ. ಅಂದರೆ ಕೊಡುವವನಿಗೂ ವಸ್ತು ಸಾಲದು. ತಾನು ತಂದದ್ದಕ್ಕಲ್ಲ, ತಾನು ಬಂದದ್ದಕ್ಕೆ ಅವಳ ಮುಖ ಅರಳಬೇಕು ಅಂತ ಅವನೂ ಕಾಯುತ್ತಿದ್ದಾನೆ. ರಾತ್ರಿ ಹತ್ತಕ್ಕೆ ಬಾಗಿಲು ತೆಗೆಯುವವರು ನೀವು. ಬಾಗಿಲ ಆಚೆ ನಿಂತವರ ತಲೆಯಲ್ಲಿ ಯಾವ ಹಾಡು ಓಡುತ್ತಿದೆ ಅಂತ ನಿಮಗೆ ಕೇಳಿಸುತ್ತಿಲ್ಲ. ನನ್ನ ಅನುಭವದಲ್ಲಿ, ಇಂಥ ಜೋಡಿಗಳಲ್ಲಿ ಇಬ್ಬರೂ ಒಂದೇ ಹಾಡು ಹಾಡುತ್ತಿರುತ್ತಾರೆ, ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ.

ಕನ್ನಡದಲ್ಲಿ ಈ ಮಾತು ಬಂದರೆ ಬೇಂದ್ರೆಯವರ ಬಡವ ಬಡವಿಯರನ್ನು ನೆನೆಯದೆ ಇರಲು ಆಗುವುದಿಲ್ಲ. ಅಲ್ಲಿ ಮಾತಾಡುವವಳು ಹೆಣ್ಣು. ತಾನೂ ಬಡವಿ, ಅವನೂ ಬಡವ, ಒಲವನ್ನೇ ಎಲ್ಲದಕ್ಕೂ ಬಳಸಿಕೊಂಡೆವು ಅನ್ನುತ್ತಾಳೆ. ಆದರೆ ಗಮನಿಸಿ, ಒಡವೆ ಬೇಡ ಅಂತ ಅವಳು ಎಲ್ಲೂ ಹೇಳುವುದಿಲ್ಲ. ಅವಳಿಗೆ ಒಡವೆ ಇದೆ! ತೋಳಿಗೆ ಅವನ ತೋಳೇ ತೋಳಬಂದಿ. ಕೆನ್ನೆಗೆ ಮುತ್ತು, ಯಾವ ಮುತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಅವಳು ಒಬ್ಬಳೇ ತ್ಯಾಗ ಮಾಡಿ ಕೂತಿಲ್ಲ. ಕೊರತೆಯೂ ಇಬ್ಬರದು, ಒಲವೂ ಇಬ್ಬರದು. ನೀವು ರಾತ್ರಿ ಕೇಳುವ ಹಾಡಿನಲ್ಲಿ "ನನಗೆ ಬೇಡ" ಅಂತ ಇದೆ. ಈ ಪದ್ಯದಲ್ಲಿ ಇರುವುದು "ನಮ್ಮ". ವ್ಯತ್ಯಾಸ ದೊಡ್ಡದು.

ಸರಿ, ನಿಮ್ಮ ಅಕ್ಕನ ಮಾತಿಗೆ ಬರೋಣ. ಹಾಡುಗಳು ತಲೆ ಕೆಡಿಸಿದವಾ? ಜನ ಹಾಗೆ ಹೇಳುವುದು ಜಾಸ್ತಿ. ನಾನು ನೋಡಿರುವುದು ತಿರುವುಮುರುವು. ಹಾಡು ಬಂದು ದುಃಖ ತರುವುದಕ್ಕಿಂತ, ಇರುವ ದುಃಖ ತನಗೆ ಒಪ್ಪುವ ಹಾಡನ್ನು ಹುಡುಕಿಕೊಳ್ಳುತ್ತದೆ. ದುಃಖದ ಸಂಗೀತ ಕೇಳಿದಾಗ ಏನನ್ನಿಸುತ್ತದೆ ಅಂತ 772 ಜನರನ್ನು ಕೇಳಿದ ಒಂದು ಸಮೀಕ್ಷೆ 2014ರಲ್ಲಿ ಪ್ರಕಟವಾಯಿತು. ಹೆಚ್ಚು ಜನ ಹೇಳಿದ್ದು ದುಃಖ ಅಂತ ಅಲ್ಲ, ಹಳೆಯದರ ನೆನಪು ಬಂದು ಮನಸ್ಸು ತುಂಬಿ ಬರುತ್ತದೆ ಅಂತ. ಹಾಗಾದರೆ ನಿಮ್ಮನ್ನೇ ಒಂದು ಕೇಳುತ್ತೇನೆ. ಆ ಹಾಡು ಕೇಳುವಾಗ ನಿಮ್ಮ ಕಣ್ಣ ಮುಂದೆ ಬರುವುದು ಯಾರು? ಯಾರೋ ಕಾಣದ ಗೆಳೆಯನಾ, ಅಥವಾ ಎಂಟು ವರ್ಷದ ಹಿಂದಿನ ಇದೇ ಗಂಡನಾ? ಎರಡನೆಯದು ಅಂತ ನನ್ನ ಊಹೆ. ಹಾಗಿದ್ದರೆ ಹಾಡು ನಿಮ್ಮನ್ನು ಮನೆಯಿಂದ ಆಚೆ ಎಳೆಯುತ್ತಿಲ್ಲ.

ಆದರೆ ನೀವು ಬರೆದ ಒಂದು ಮಾತು ನನಗೆ ಚುಚ್ಚಿತು. ಒಂದೇ ಹಾಡು, ನಾಲ್ಕೈದು ಸಲ, ರಾತ್ರಿ, ಒಬ್ಬರೇ. ಒಮ್ಮೆ ಕೇಳಿ ಅತ್ತರೆ ಎದೆ ಹಗುರವಾಗುತ್ತದೆ. ಐದನೇ ಸಲಕ್ಕೆ ಅದು ಹಗುರ ಮಾಡುವುದನ್ನು ಬಿಟ್ಟು ಮೆಲುಕು ಹಾಕಿಸಲು ಶುರು ಮಾಡುತ್ತದೆ. ಒಂದೇ ನೋವನ್ನು ಮತ್ತೆ ಮತ್ತೆ ತಿರುವಿ ನೋಡುವ ಸ್ವಭಾವ ಇರುವವರಿಗೆ ದುಃಖದ ಹಾಡು ಕೇಳಿದ ಮೇಲೆ ಮನಸ್ಸು ಇನ್ನಷ್ಟು ಕುಗ್ಗಬಹುದು ಅಂತ ಈ ಬಗ್ಗೆ ಕೆಲಸ ಮಾಡಿದವರು ತೋರಿಸಿದ್ದಾರೆ. ಪರೀಕ್ಷೆ ಸುಲಭ. ಇಯರ್‌ಫೋನ್ ತೆಗೆದ ಹತ್ತು ನಿಮಿಷದ ಮೇಲೆ ನಿದ್ದೆ ಬರುತ್ತದಾ, ಅಥವಾ ಮನಸ್ಸಿನಲ್ಲೇ ಅವರ ಜೊತೆ ವಾದ ಶುರುವಾಗುತ್ತದಾ? ವಾದ ಶುರುವಾದರೆ ಹಾಡಿನ ಕೆಲಸ ಮುಗಿದಿದೆ ಅಂತ ಅರ್ಥ. ಪೂರ್ತಿ ಬಿಡಬೇಕಿಲ್ಲ. ರಾತ್ರಿಯ ಹಾಡನ್ನು ಸಂಜೆಗೆ ತಂದುಕೊಳ್ಳಿ, ಕೈಯಲ್ಲಿ ಏನಾದರೂ ಕೆಲಸ ಇರುವಾಗ ಕೇಳಿ. ಅದೇ ಹಾಡು ಬೇರೆ ಥರ ಕೇಳಿಸುತ್ತದೆ.

ಪ್ರೀತಿಯೊಂದೇ ಸಾಕಾ? ಇಲ್ಲ. ಸಾಕಾಗುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ. ಅಮೆರಿಕದ ಅಯೋವಾದಲ್ಲಿ ಎಂಬತ್ತರ ದಶಕದ ಕೃಷಿ ಬಿಕ್ಕಟ್ಟಿನ ನಂತರ, 1989ರಲ್ಲಿ, ರ‍್ಯಾಂಡ್ ಕಾಂಗರ್ ಮತ್ತು ಸಂಗಡಿಗರು 451 ಕುಟುಂಬಗಳ ಅಧ್ಯಯನ ಶುರು ಮಾಡಿದರು. ದುಡ್ಡಿನ ತಾಪತ್ರಯ ಮದುವೆಯನ್ನು ನೇರವಾಗಿ ಮುರಿಯುವುದಿಲ್ಲ ಅಂತ ಅವರಿಗೆ ಕಂಡಿತು. ಅದು ಮೊದಲು ಮನುಷ್ಯನನ್ನು ಕುಗ್ಗಿಸುತ್ತದೆ. ಕುಗ್ಗಿದವನು ಸಿಡುಕುತ್ತಾನೆ, ಇಲ್ಲವೇ ಸುಮ್ಮನಾಗಿಬಿಡುತ್ತಾನೆ. ಮಾತಿನಲ್ಲಿದ್ದ ಬಿಸುಪು ಹೋಗುತ್ತದೆ. ಸಂಬಂಧ ಸೊರಗುವುದು ಆಮೇಲೆ. ಸಾಲ ಅನ್ನುವುದು ನಿಮ್ಮ ಗಂಡನ ಪಾಲಿಗೆ ಬರೀ ನೆಪ ಅಂತ ತಳ್ಳಿಹಾಕಬೇಡಿ. ಅವರು ಕಾಯುತ್ತಿರುವುದು ಈ ಸಂಸಾರವನ್ನೇ ಇರಬಹುದು, ಕಾಯುವ ರೀತಿಯಲ್ಲಿ ಎಡವಟ್ಟಾಗಿದೆ.

ಹಾಗಂತ ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಸುಳ್ಳು. 2011ರಲ್ಲಿ ಜೇಸನ್ ಕ್ಯಾರಲ್ ಮತ್ತು ಸಂಗಡಿಗರು 1,734 ದಂಪತಿಗಳ ಉತ್ತರಗಳನ್ನು ಅಧ್ಯಯನ ಮಾಡಿದರು. ಗಂಡ ಹೆಂಡತಿ ಇಬ್ಬರಿಗೂ ದುಡ್ಡು ಮತ್ತು ವಸ್ತುಗಳೇ ತುಂಬಾ ಮುಖ್ಯವಾದ ಮನೆಗಳಲ್ಲಿ ಸಂಬಂಧ ಹೆಚ್ಚು ಸೊರಗಿತ್ತು. ಇಬ್ಬರದೂ ಒಂದೇ ಅಭಿರುಚಿ ಆದ್ದರಿಂದ ಹೊಂದಿಕೊಳ್ಳುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಾಗಿರಲಿಲ್ಲ. ಆ ಜೋಡಿಗಳ ಕೈಯಲ್ಲಿ ದುಡ್ಡು ಚೆನ್ನಾಗಿಯೇ ಇತ್ತು, ಆದರೂ ಜಗಳ ದುಡ್ಡಿನ ಬಗ್ಗೆಯೇ. ಇದರಿಂದ ವಸ್ತುವಿನ ಆಸೆಯೇ ಮದುವೆ ಕೆಡಿಸಿತು ಅಂತ ತೀರ್ಪು ಕೊಡಲಾಗದು. ಮನಸ್ಸು ಖಾಲಿಯಾದಾಗ ವಸ್ತುವಿನ ಕಡೆ ತಿರುಗುವವರೂ ಇದ್ದಾರೆ. ಎರಡೂ ದಿಕ್ಕಿನಿಂದ ಅದು ನಡೆಯುತ್ತದೆ.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು 2023ರ ಒಂದು ಲೇಖನ. ದುಡ್ಡು ಹೆಚ್ಚಿದರೆ ಖುಷಿ ಹೆಚ್ಚುತ್ತದಾ ಅನ್ನುವ ವಿಷಯದಲ್ಲಿ ಒಂದು ಮಟ್ಟದ ಮೇಲೆ ಇಲ್ಲ ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಹೇಳಿದ್ದರು, ಹೆಚ್ಚುತ್ತಲೇ ಹೋಗುತ್ತದೆ ಅಂತ ಇನ್ನೊಬ್ಬ ಸಂಶೋಧಕ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಹೇಳಿದ್ದರು. ಜಗಳ ಆಡಿಕೊಂಡಿರುವ ಬದಲು ಬಾರ್ಬರಾ ಮೆಲ್ಲರ್ಸ್ ಅವರನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಸೇರಿ ಲೆಕ್ಕವನ್ನು ಮತ್ತೆ ನೋಡಿದರು. (ಗಂಡ ಹೆಂಡಿರೂ ಹೀಗೆ ಮಾಡಿದರೆ ನನ್ನಂಥವರಿಗೆ ಕೆಲಸ ಕಮ್ಮಿಯಾಗುತ್ತಿತ್ತು.) ಬಹುಪಾಲು ಜನರಿಗೆ ಆದಾಯ ಹೆಚ್ಚಿದಂತೆ ಖುಷಿಯೂ ಹೆಚ್ಚುತ್ತಲೇ ಹೋಗುತ್ತದೆ ಅಂತ ಕಂಡಿತು. ಆದರೆ ಎಲ್ಲರಿಗಿಂತ ಕಡಿಮೆ ಖುಷಿಯಲ್ಲಿರುವ ಗುಂಪಿನಲ್ಲಿ, ಸುಮಾರು ನೂರಕ್ಕೆ ಇಪ್ಪತ್ತು ಜನರಲ್ಲಿ, ಅದು ಒಂದು ಮಟ್ಟದವರೆಗೆ ಏರಿ ನಿಂತುಬಿಡುತ್ತದೆ. ದುಡ್ಡು ಕಳೆಯಬಹುದಾದ ಕಷ್ಟಗಳೆಲ್ಲ ಕಳೆದ ಮೇಲೂ ಕೆಲವು ಉಳಿಯುತ್ತವೆ, ಒಡೆದ ಮನಸ್ಸು, ಸಾವಿನ ದುಃಖ, ಖಿನ್ನತೆ ಇಂಥವು ಇರಬಹುದು ಅಂತ ಅವರು ಬರೆದರು. ನಿಮ್ಮ ಹಾಡಿನವನೂ ನಿಮ್ಮ ಗಂಡನೂ ಇಬ್ಬರೂ ಸರಿ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಕಂತು ತಪ್ಪಿದ ಮನೆಯ ಸಂಕಟಕ್ಕೆ ದುಡ್ಡೇ ಮದ್ದು. ರಾತ್ರಿ ಹನ್ನೊಂದಕ್ಕೆ ಇಯರ್‌ಫೋನ್ ಹಾಕಿಕೊಳ್ಳುವ ಸಂಕಟಕ್ಕೆ ಅಲ್ಲ.

ಕೃತಘ್ನತೆಯ ಪ್ರಶ್ನೆಗೆ ಜಾಸ್ತಿ ಹೊತ್ತು ಬೇಡ. ಕೊಟ್ಟದ್ದಕ್ಕೆ ಋಣಿಯಾಗಿರುವುದು ಬೇರೆ, ಸಿಗದದ್ದನ್ನು ಬಯಸುವುದು ಬೇರೆ. ಎರಡೂ ಒಟ್ಟಿಗೆ ಇರಬಹುದು. ಅಕ್ಕನಿಗೆ ಅಷ್ಟು ಹೇಳಿ ಸಾಕು.

ಈಗ ಆ ವಸ್ತುಗಳ ಕಡೆ ಬರೋಣ. ಅವರು ಯಾಕೆ ತರುತ್ತಾರೆ? ಕೆಲವರದು ಉಡುಗೊರೆಯ ಭಾಷೆ, ಕೆಲವರದು ಮಾತಿನ ಭಾಷೆ, ಅವರವರ ಭಾಷೆ ಕಂಡುಹಿಡಿದರೆ ಸಂಸಾರ ಸುಸೂತ್ರ ಅನ್ನುವ ಮಾತನ್ನು ನೀವು ಕೇಳಿರಬಹುದು. ಅಮೆರಿಕದ ಲೇಖಕ ಗ್ಯಾರಿ ಚಾಪ್ಮನ್ 1992ರಲ್ಲಿ ಪುಸ್ತಕ ಬರೆದ ಮೇಲೆ ಅದು ಎಲ್ಲ ಕಡೆ ಹರಡಿತು. ಆದರೆ ಒಬ್ಬರಿಗೆ ಒಂದೇ ಮುಖ್ಯ ಭಾಷೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ ಅಂತ 2024ರಲ್ಲಿ ಎಮಿಲಿ ಇಂಪೆಟ್ ಮತ್ತು ಸಂಗಡಿಗರು ಇದುವರೆಗಿನ ಅಧ್ಯಯನಗಳನ್ನೆಲ್ಲ ನೋಡಿ ಬರೆದರು. ಅವರ ಪ್ರಕಾರ ಪ್ರೀತಿ ಊಟದ ಹಾಗೆ. ಎಲ್ಲರಿಗೂ ಎಲ್ಲ ಬಗೆಯದೂ ಸ್ವಲ್ಪ ಸ್ವಲ್ಪ ಬೇಕು. ಹಾಗಾಗಿ "ಅವನು ಹಾಗೇ, ಅವನ ಭಾಷೆಯೇ ಅದು" ಅಂತ ಕೈಚೆಲ್ಲಬೇಡಿ.

ನನ್ನ ಕೋಣೆಯಲ್ಲಿ ಕೇಳಿದ ಕಾರಣಗಳು ಇದಕ್ಕಿಂತ ಸಾದಾ. ಒಬ್ಬರು ಹೇಳಿದ್ದರು, "ಕೈ ಬೀಸಿಕೊಂಡು ಬಂದ್ರೆ ತಡ ಆಗಿದ್ದು ಎದ್ದು ಕಾಣುತ್ತೆ ಸಾರ್. ಕೈಯಲ್ಲಿ ಏನಾದ್ರೂ ಇದ್ರೆ ಅವಳು ಮೊದಲು ಅದನ್ನ ನೋಡ್ತಾಳೆ, ಆಮೇಲೆ ಗಡಿಯಾರ." ನಾಚಿಕೆ ಮುಚ್ಚುವ ಬಟ್ಟೆ ಅದು. ಇನ್ನು ಕೆಲವರಿಗೆ ವಸ್ತು ಅಂದರೆ ಮುಗಿಸಬಹುದಾದ ಕೆಲಸ. ಅಂಗಡಿಗೆ ಹೋದೆ, ಆರಿಸಿದೆ, ತಂದೆ, ಆಯಿತು. ಕೂತು ಮಾತಾಡುವುದು ಹಾಗಲ್ಲ. ಎಷ್ಟು ಹೊತ್ತು ಕೂರಬೇಕು, ಸರಿಯಾಗಿ ಮಾತಾಡಿದೆನಾ, ಗೊತ್ತಾಗುವುದಿಲ್ಲ. ದಣಿದವರು ಗೊತ್ತಿರುವ ದಾರಿಯನ್ನೇ ಹಿಡಿಯುತ್ತಾರೆ. ಮತ್ತೆ ಕೆಲವರು ಇಲ್ಲದ ಮನೆಯಲ್ಲಿ ಬೆಳೆದಿರುತ್ತಾರೆ. ಕೇಳಿದ್ದು ಸಿಗದೆ ಬೆಳೆದವರಿಗೆ, ಕೇಳದೆಯೇ ತಂದುಕೊಡುವುದು ಪ್ರೀತಿಯ ತುತ್ತತುದಿ. ನಿಮ್ಮ ಗಂಡನ ಬಾಲ್ಯ ಹೇಗಿತ್ತು ಅಂತ ನೀವು ಬರೆದಿಲ್ಲ. ಯೋಚನೆ ಮಾಡಿ.

ಈ ಬೆಳಕಿನಲ್ಲಿ ಆ ಸಂಜೆಯ ಮಾತನ್ನು ಮತ್ತೆ ನೋಡಿ. "ನಂಗೆ ಇದ್ಯಾವುದೂ ಬೇಡ, ನೀನು ಬೇಕು." ನಿಮ್ಮ ಜೀವ ಇದ್ದದ್ದು ಎರಡನೇ ತುಂಡಿನಲ್ಲಿ. ಅವರ ಕಿವಿ ಮುಚ್ಚಿದ್ದು ಮೊದಲ ತುಂಡಿಗೇ. ಬೇಡ ಅನ್ನುವುದು ಮೊದಲು ಬಂದರೆ ಬೇಕು ಅನ್ನುವುದಕ್ಕೆ ಜಾಗ ಉಳಿಯುವುದಿಲ್ಲ. ಹಾಡಿನಲ್ಲಿ ಈ ಕ್ರಮ ಚಂದ. ಡಬ್ಬಿ ಹಿಡಿದು ನಿಂತವರ ಎದುರು ಅಲ್ಲ.

ಮುಂದೇನು ಮಾಡಬಹುದು? ಹಾಡನ್ನೇ ಅವರಿಗೆ ಕಳಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಕಳಿಸಬಾರದು ಅಂತಲ್ಲ. ಆದರೆ ಬೇರೆಯವರು ಬರೆದ ದೂರಿನ ಪತ್ರಕ್ಕೆ ನೀವು ಸಹಿ ಹಾಕಿ ಕಳಿಸಿದ ಹಾಗೆ ಆಗುವ ಅಪಾಯ ಇದೆ. ಕಳಿಸುವುದೇ ಆದರೆ ನಿಮ್ಮದೇ ಒಂದು ಸಾಲು ಜೊತೆಗಿರಲಿ. ಇದನ್ನು ಕೇಳುವಾಗ ನಾವಿಬ್ಬರು ಮೊದಲ ವರ್ಷ ಎಲ್ಲೋ ಬಸ್ಸು ತಪ್ಪಿಸಿಕೊಂಡು ನಡೆದು ಬಂದದ್ದು ನೆನಪಾಗುತ್ತೆ, ಅನ್ನುವಂಥದ್ದು. ನಿಮ್ಮ ಬಸ್ಸು ಯಾವುದು ಅಂತ ನಿಮಗೇ ಗೊತ್ತು.

ಉಡುಗೊರೆ ಬೇಡವೇ ಬೇಡ ಅಂತ ಕಟ್ಟುನಿಟ್ಟು ಮಾಡುವುದು ಇನ್ನೊಂದು ದಾರಿ. ಸಾಲ ಇರುವ ಮನೆಯಲ್ಲಿ ಅದು ನ್ಯಾಯವಾಗಿಯೇ ಕಾಣುತ್ತದೆ. ಅಪಾಯ ಏನೆಂದರೆ, ಅವರಿಗೆ ಬರುವ ಒಂದೇ ಮಾತನ್ನು ನೀವು ನಿಲ್ಲಿಸಿದ ಹಾಗೆ. ಬದಲಿಗೆ ಬೇರೆ ಮಾತು ಕಲಿಯುವಷ್ಟು ಸಮಯ ಕೊಡದೆ ಇದನ್ನು ಮಾಡಿದರೆ ಮನೆಯಲ್ಲಿ ಬರೀ ಮೌನ ಉಳಿಯುತ್ತದೆ. ಎರಡು ವಾರ ನೀವು ಅದನ್ನು ನೋಡಿದ್ದೀರಿ.

ನಾನು ಹೆಚ್ಚಾಗಿ ಹೇಳುವುದು, "ಪ್ರೀತಿ ಬೇಕು" ಅಂತ ಕೇಳುವುದನ್ನು ಬಿಟ್ಟು ಅಳತೆಗೆ ಸಿಗುವುದನ್ನು ಕೇಳಿ ಅಂತ. ವಾರದಲ್ಲಿ ಎರಡು ರಾತ್ರಿ, ಇಪ್ಪತ್ತು ನಿಮಿಷ, ಇಬ್ಬರ ಫೋನೂ ಬೇರೆ ಕೋಣೆಯಲ್ಲಿ. ಸಾಲದ ಮಾತು ಬೇಡ, ಹಾಡಿನ ಮಾತೂ ಬೇಡ. ದಣಿದವರಿಗೆ ಇಷ್ಟು ಚಿಕ್ಕದಾದರೆ ಒಪ್ಪಲು ಆಗುತ್ತದೆ. ಮೊದಲೆರಡು ಸಲ ಇದು ಪೆದ್ದುಪೆದ್ದಾಗಿ ಕಾಣಬಹುದು, ಇಬ್ಬರೂ ಗೋಡೆ ನೋಡುತ್ತಾ ಕೂರಬಹುದು. ಮೂರನೇ ಸಲ ಅವರು ನಿದ್ದೆ ಹೋಗಲೂಬಹುದು. ಕೇಳಿ ಪಡೆದದ್ದು ಪ್ರೀತಿಯಾ ಅಂತ ನಿಮ್ಮ ಮನಸ್ಸು ಚುಚ್ಚುತ್ತದೆ, ಹಾಡುಗಳು ಅದನ್ನೇ ಕಲಿಸಿರುತ್ತವೆ. ಹಾಡಿನಲ್ಲಿ ಯಾರೂ ಕೇಳುವುದಿಲ್ಲ, ತಾನಾಗಿಯೇ ತಿಳಿಯಬೇಕು. ಎಂಟು ವರ್ಷದ ಸಂಸಾರದಲ್ಲಿ ಕೇಳುವುದಕ್ಕೆ ನಾಚಿಕೆ ಯಾಕೆ?

ಇದರ ಜೊತೆಗೆ ಚಿಕ್ಕ ಚಿಕ್ಕ ಕರೆಗಳ ಕಡೆ ಕಣ್ಣಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದವರನ್ನು ಗಮನಿಸಿ, ಆರು ವರ್ಷದ ಮೇಲೆ ಮತ್ತೆ ನೋಡಿದಾಗ, ಜೊತೆಗೆ ಉಳಿದವರು ಇಂಥ ಕರೆಗಳಿಗೆ ನೂರಕ್ಕೆ 86 ಸಲ ಓಗೊಟ್ಟಿದ್ದರು, ಬೇರೆಯಾದವರು 33 ಸಲ. ಕರೆ ಅಂದರೆ ದೊಡ್ಡದೇನಲ್ಲ. "ಇಲ್ನೋಡು, ಮಳೆ ಶುರುವಾಯ್ತು" ಅಂದರೆ ಅದೂ ಒಂದು ಕರೆಯೇ. ತಲೆ ಎತ್ತಿ ಕಿಟಕಿ ಕಡೆ ನೋಡಿದರೆ ಓಗೊಟ್ಟ ಹಾಗೆ. ನಿಮ್ಮ ಗಂಡ ಆ ರಾತ್ರಿ ಏನು ಕೇಳ್ತಿದ್ದೀಯ ಅಂತ ಇಯರ್‌ಫೋನ್ ತೆಗೆದು ತನ್ನ ಕಿವಿಗೆ ಇಟ್ಟುಕೊಂಡರಲ್ಲ, ನಾನು ಅದನ್ನು ಕರೆ ಅನ್ನುತ್ತೇನೆ. ಆಮೇಲೆ ಹೇಳಿದ್ದು ಎಡವಟ್ಟು ಮಾತು, ನಿಜ. ನಿಮಗೆ ನೆನಪಿರುವುದು ಮಾತು ಮಾತ್ರ. ನನಗೆ ಕಂಡದ್ದು ಆ ಕೈ.

ಲೆಕ್ಕವನ್ನೂ ಒಮ್ಮೆ ಇಬ್ಬರೂ ಕೂತು ನೋಡಿ. ಸಾಲ ಎಷ್ಟಿದೆ, ಎರಡನೇ ಕೆಲಸದಿಂದ ಬರುವುದೆಷ್ಟು, ಅದರಲ್ಲಿ ಉಡುಗೊರೆಗೆ ಹೋಗುವುದೆಷ್ಟು. ಉಡುಗೊರೆಯ ದುಡ್ಡು ಉಳಿದರೆ ವಾರಕ್ಕೊಂದು ಸಂಜೆಯ ಕೆಲಸ ಬಿಡಬಹುದಾ ಅಂತ ಕೇಳಿ. ಆಗ ವಸ್ತು ಬೇಡ ಅನ್ನುವುದು ತಿರಸ್ಕಾರ ಆಗುವುದಿಲ್ಲ, ಒಂದು ಸಂಜೆ ಆಗುತ್ತದೆ. ಆದರೆ ಎರಡು ಉತ್ತರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಇನ್ನೂ ಕೆಲವು ವರ್ಷ ಆ ಕೆಲಸ ಬಿಡಲು ಆಗುವುದೇ ಇಲ್ಲ ಅಂತ ಗೊತ್ತಾಗಬಹುದು. ಇಲ್ಲವೇ ಬಿಡಬಹುದು, ಆದರೆ ಅವರಿಗೆ ಮನೆಗೆ ಬೇಗ ಬರಲು ಮನಸ್ಸಿಲ್ಲ ಅಂತ ಗೊತ್ತಾಗಬಹುದು. ಎರಡನೆಯದು ನೋವಿನ ಉತ್ತರ. ಆಗ ಇಬ್ಬರೂ ಯಾರಾದರೂ ಆಪ್ತ ಸಮಾಲೋಚಕರ ಬಳಿ ಹೋಗಬೇಕಾಗುತ್ತದೆ.

ಒಂದು ಎಚ್ಚರಿಕೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನನಗೇನೂ ಬೇಡ, ನೀನಿದ್ದರೆ ಸಾಕು ಅನ್ನುವ ಮಾತನ್ನು ಸಂಸಾರದಲ್ಲಿ ಹಿಡಿದುಕೊಂಡು ಬಳಸುವವರಿದ್ದಾರೆ. ಮನೆ ಪತ್ರದಲ್ಲಿ ಹೆಸರು ಕೇಳಿದರೆ, ಸಂಬಳದ ಲೆಕ್ಕ ಕೇಳಿದರೆ, "ನಿಂಗೆ ದುಡ್ಡು ಮುಖ್ಯ ಅಲ್ಲ ಅಂದಿದ್ಯಲ್ಲ?" ಅನ್ನುತ್ತಾರೆ. ಇಂಥ ಜೋಡಿಗಳನ್ನು ನಾನು ಕಂಡಿದ್ದೇನೆ. ಅದಕ್ಕೇ ಲೆಕ್ಕದಿಂದ ದೂರ ನಿಲ್ಲುವುದನ್ನು ಪ್ರೀತಿ ಅಂದುಕೊಳ್ಳಬೇಡಿ. ಸಾಲ ಯಾರ ಹೆಸರಲ್ಲಿದೆ, ಮನೆ ಯಾರ ಹೆಸರಲ್ಲಿದೆ, ನಿಮಗೆ ಗೊತ್ತಿರಲೇಬೇಕು. ಹಾಗೆಯೇ ಬೈಗುಳ ಅಥವಾ ಹೊಡೆತದ ಮರುದಿನ ಬರುವ ಉಡುಗೊರೆ ಬೇರೆ ಜಾತಿಯದು. ಅದು ಬಾಯಿ ಮುಚ್ಚಿಸಲು ಬರುವುದು, ಅದಕ್ಕೆ ಈ ಲೇಖನದ ಯಾವ ಮಾತೂ ಹೊಂದುವುದಿಲ್ಲ. ನಿಮ್ಮ ಮನೆಯಲ್ಲಿ ಅದಿಲ್ಲ ಅಂತ ಬರೆದಿದ್ದೀರಿ. ಓದುತ್ತಿರುವ ಬೇರೆಯವರಿಗಾಗಿ ಹೇಳಿದೆ. ಮತ್ತೆ ನಿಮಗೆ, ಅಳು ರಾತ್ರಿಗೆ ಮುಗಿಯದೆ ಹಗಲಿಗೂ ಬಂದರೆ, ನಿದ್ದೆ ಊಟ ತಪ್ಪಿದರೆ, ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅದನ್ನು ಗಂಡನ ತಲೆಗೂ ಕಟ್ಟಬೇಡಿ, ಹಾಡಿನ ತಲೆಗೂ ಕಟ್ಟಬೇಡಿ. ವೈದ್ಯರನ್ನು ನೋಡಿ.

ನಾಲ್ಕನೇ ಪ್ರಶ್ನೆ ಉಳಿಯಿತು. ಅದನ್ನು ನೇರವಾಗಿ "ನಿಂಗೆ ನಾನು ಬೇಕಾ?" ಅಂತ ಕೇಳಿದರೆ ಹೆಚ್ಚಿನ ಗಂಡಸರು "ಇದೆಂಥ ಪ್ರಶ್ನೆ" ಅಂತ ಎದ್ದು ಹೋಗುತ್ತಾರೆ. ಆ ಡಬ್ಬಿಯಿಂದ ಶುರು ಮಾಡಿ. ಅವರು ಮನೆಯಲ್ಲಿದ್ದಾಗ ಬೀರುವಿನಿಂದ ತೆಗೆಯಿರಿ. ಅವರ ಎದುರಿಗೇ ಪ್ಲಾಸ್ಟಿಕ್ ಬಿಚ್ಚಿ. ಕಟ್ಟಿಕೊಳ್ಳಬೇಕು ಅಂತೇನಿಲ್ಲ, ಇಷ್ಟವಾಗದಿದ್ದರೆ ಇಷ್ಟವಾಯಿತು ಅಂತ ಸುಳ್ಳು ಹೇಳುವುದೂ ಬೇಡ. ಇಷ್ಟು ಕೇಳಿ ಸಾಕು, "ಇದನ್ನ ಆರಿಸುವಾಗ ಏನು ಯೋಚನೆ ಮಾಡ್ತಿದ್ದೆ?" ಕೇಳಿ ಸುಮ್ಮನಿರಿ. ತಡವಾಗಿ ಉತ್ತರ ಬರಬಹುದು. "ಸುಮ್ನೆ, ಚೆನ್ನಾಗಿತ್ತು" ಅನ್ನಬಹುದು. ಆಗಲೂ ಎದ್ದು ಹೋಗಬೇಡಿ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಎಷ್ಟೋ ಮನೆಗಳಲ್ಲಿ ಎರಡನೇ ಉತ್ತರ ಬಂದದ್ದು ಆಮೇಲೆಯೇ.